ಅಪ್ಪನ ರೇಡಿಯೇಶನ್ ಮಾಸ್ಕ್ ಸಡಿಲಾಗಿದೆ, ಹೊಸದು ಬೇಕೇ ಬೇಕಾ?

ಪ್ರಶ್ನೆ: ನಾವು ಗುಳೇದಗುಡ್ಡದವರು. ಅಪ್ಪನಿಗೆ 61 ವರ್ಷ, ಖಣ ನೇಯುತ್ತಿದ್ದರು. ಕೆನ್ನೆಯ ಒಳಗೆ ಕ್ಯಾನ್ಸರ್ ಆಗಿ ಆಪರೇಷನ್ ಆಯಿತು. ಈಗ ಬೆಳಗಾವಿಯಲ್ಲಿ ರೂಮ್ ಮಾಡಿಕೊಂಡು ರೇಡಿಯೇಶನ್ ಕೊಡಿಸುತ್ತಿದ್ದೇವೆ. 30ರಲ್ಲಿ 17 ಮುಗಿದಿವೆ. ಮುಖದಿಂದ ಭುಜದವರೆಗೆ ಬಿಳಿ ಪ್ಲಾಸ್ಟಿಕ್ ಜಾಳಿಗೆ ಹಾಕಿ ಟೇಬಲ್‌ಗೆ ಬಿಗಿಯುತ್ತಾರೆ. ಅಪ್ಪ ದಿನಾ "ನನಗ ಉಸಿರು ಕಟ್ಟತೈತಿ, ಅದು ಬ್ಯಾಡ" ಅಂತಾರೆ. 58 ಕಿಲೋ ಇದ್ದವರು 52ಕ್ಕೆ ಇಳಿದಿದ್ದಾರೆ. ಮಾಸ್ಕ್ ಸಡಿಲಾಗಿದೆ, ಮತ್ತೆ ಸಿಟಿ ಸ್ಕ್ಯಾನ್ ಮಾಡಿ ಹೊಸದು ಮಾಡಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಇದು ದುಡ್ಡಿಗಾಗಿ ಮಾಡುವುದಾ? ಸಡಿಲ ಇದ್ದರೆ ಅಪ್ಪನಿಗೇ ಆರಾಮ ಅಲ್ವಾ? ಪಕ್ಕದ ರೂಮಿನವರ ಚಿಕಿತ್ಸೆ ಮುಗಿದಿದೆ, ಅವರ ಮಾಸ್ಕನ್ನೇ ಬಿಸಿ ಮಾಡಿ ಬಳಸಬಹುದು ಅಂತಾರೆ. ನನ್ನ ತಮ್ಮ ಇಲ್ಲಿನ ಉದ್ಯಮಬಾಗದ ಕಾರ್ಖಾನೆಯಲ್ಲಿ ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯುವ ಮಷಿನ್) ಆಪರೇಟರ್. ಅಪ್ಪನ ತಲೆ ಕೆಳಗಿನ ದಿಂಬು ಗಟ್ಟಿ, ನಾನೇ ಮೆತ್ತಗಿನದು ಮಾಡಿಕೊಡುತ್ತೇನೆ ಅಂತಾನೆ. ಹೊಸ ಮಾಸ್ಕ್ ಆಗುವವರೆಗೆ ಒಂದು ವಾರ ಬಿಟ್ಟು ಬನಶಂಕರಿ ಜಾತ್ರೆ ಮುಗಿಸಿ ಬರಬಹುದಾ? ಮನೆಯಲ್ಲಿ ಮೂರು ವರ್ಷದ ಮೊಮ್ಮಗಳಿದ್ದಾಳೆ. ಭಾನುವಾರ ಊರಿಗೆ ಹೋದಾಗ ಅವಳನ್ನು ಅಪ್ಪನ ಹತ್ತಿರ ಬಿಡುತ್ತಿಲ್ಲ.

ಉತ್ತರ:

ತಂಗಿ, ಮೊದಲು ಮೊಮ್ಮಗಳನ್ನು ಅಜ್ಜನ ಹತ್ತಿರ ಬಿಡಿ. ನಿಮ್ಮ ಪತ್ರದಲ್ಲಿ ನನ್ನ ಹೊಟ್ಟೆ ಚುರುಕ್ ಅನ್ನಿಸಿದ್ದು ಆ ಕೊನೆಯ ಸಾಲು. ಅಪ್ಪನಿಗೆ ಹೊರಗಿನ ಮಷಿನ್‌ನಿಂದ ಕಿರಣ ಕೊಡುತ್ತಿದ್ದಾರೆ. ಮಷಿನ್ ಬಂದ್ ಆದ ಕ್ಷಣ ಕಿರಣವೂ ಬಂದ್. ಸ್ವಿಚ್ ಆರಿಸಿದ ಮೇಲೆ ಬಲ್ಬಿನ ಬೆಳಕು ಕೋಣೆಯಲ್ಲಿ ಉಳಿಯುತ್ತದಾ? ಮೈಯಲ್ಲಿ, ಬಟ್ಟೆಯಲ್ಲಿ, ಎಂಜಲಲ್ಲಿ ಏನೂ ಉಳಿಯುವುದಿಲ್ಲ. ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್ ಔಷಧಿ ತೆಗೆದುಕೊಂಡವರಿಗೆ ಕೆಲವು ದಿನ ಮಕ್ಕಳಿಂದ ದೂರ ಇರಿ ಅನ್ನುತ್ತಾರೆ. ಆ ಮಾತು ಎಲ್ಲ ಕಡೆ ಹಬ್ಬಿ ಹೀಗೆ ಗೊಂದಲವಾಗಿದೆ. ಮಗುವಿಗೆ ನೆಗಡಿ, ಜ್ವರ ಇದ್ದರೆ ಮಾತ್ರ ದೂರ ಇಡಿ. ಅದೂ ಅಪ್ಪನಿಗೆ ಸೋಂಕು ತಗುಲಬಾರದು ಅಂತ.

ಇನ್ನು ಮಾಸ್ಕಿನ ಮಾತು. ನಾನು ಡಾಕ್ಟರ್ ಅಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ರೇಡಿಯೇಶನ್ ಕೊಡುವಾಗ ರೋಗಿಯನ್ನು ಸರಿಯಾಗಿ ಮಲಗಿಸುವ ಸಲಕರಣೆ ಡಿಸೈನ್ ಮಾಡಿ ತಯಾರಿಸುವುದು ನನ್ನ ಉದ್ಯೋಗ. ತಲೆದಿಂಬು, ಮಾಸ್ಕ್ ಕೂರಿಸುವ ಬೇಸ್ ಪ್ಲೇಟ್, ಮೊಣಕಾಲಿನ ಆಸರೆ, ಸ್ತನ ಕ್ಯಾನ್ಸರ್ ಆದವರು ಕೈ ಮೇಲೆತ್ತಿ ಮಲಗುವ ಬೋರ್ಡು, ಇಂಥವು. ಮಾಸ್ಕಿನ ಶೀಟ್ ನಾನು ಮಾರುವುದಿಲ್ಲ. ನಿಮ್ಮ ಅಪ್ಪನಿಗೆ ಹೊಸ ಮಾಸ್ಕ್ ಆದರೆ ನನಗೆ ಒಂದು ರೂಪಾಯಿಯೂ ಬರುವುದಿಲ್ಲ. ಆದರೂ ಹೇಳುತ್ತೇನೆ, ಮಾಡಿಸಿ. 6 ಕಿಲೋ ಇಳಿದ ಮೇಲೂ ಯಾರೂ ಏನೂ ಹೇಳದೆ ಹಳೆಯದನ್ನೇ ಹಾಕುತ್ತಿದ್ದರೆ ನಾನು ಚಿಂತೆ ಮಾಡುತ್ತಿದ್ದೆ. ಸಡಿಲಾಗಿದೆ ಅಂತ ಗಮನಿಸಿದ ಆ ಟೆಕ್ನಿಷಿಯನ್ ತನ್ನ ಕೆಲಸ ಚೆನ್ನಾಗಿ ಮಾಡಿದ್ದಾರೆ.

ಯಾಕೆ ಅಂತ ಹೇಳುತ್ತೇನೆ. ಇಂಥ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಒಟ್ಟು 60 ಗ್ರೇ ಡೋಸ್ (ಗ್ರೇ ಅಂದರೆ ಕಿರಣದ ಡೋಸಿನ ಅಳತೆ), ದಿನಕ್ಕೆ 2 ಗ್ರೇಯಂತೆ 30 ಸಲ, ವಾರಕ್ಕೆ ಐದು ದಿನ. ಎಲ್ಲಿಗೆ ಎಷ್ಟು ಹೋಗಬೇಕು ಅನ್ನುವ ಲೆಕ್ಕವನ್ನು ಮೊದಲ ಸಿಟಿ ಸ್ಕ್ಯಾನ್ ಮೇಲೆ ಹಾಕಿರುತ್ತಾರೆ. ಮಷಿನ್‌ಗೆ ಅಪ್ಪನ ಮುಖ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಬಿಂದು. ಗೋಡೆಗಳಿಂದ, ಮೇಲಿನಿಂದ ಬರುವ ಲೇಸರ್ ಗೆರೆಗಳು ಮಾಸ್ಕಿನ ಮೇಲಿನ ಗುರುತಿಗೆ ಕೂತರೆ ಆ ಬಿಂದು ಸಿಕ್ಕಿತು ಅಂತ ಅರ್ಥ. ದಿನದಿಂದ ದಿನಕ್ಕೆ ಆಗುವ ಸಣ್ಣ ಹೆಚ್ಚುಕಡಿಮೆಗೆ ಅಂತ ಸುತ್ತಲೂ ಬಿಟ್ಟಿರುವ ಜಾಗ ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್. ಒಂದು ಜೋಳದ ಕಾಳಿನಷ್ಟು. ಆರು ವಾರ, ದಿನಾ, ಆ ಜೋಳದ ಕಾಳಿನ ಒಳಗೇ ಅಪ್ಪ ಬಂದು ಮಲಗಬೇಕು.

ಕಾಳಿನಾಚೆ ಏನಿದೆ ಗೊತ್ತಾ? ಒಂದು ಕಡೆ ಬೆನ್ನುಹುರಿ. ಅದಕ್ಕೆ 45ರಿಂದ 50 ಗ್ರೇ ದಾಟದಂತೆ ಕಾಯುತ್ತಾರೆ. ಕಿವಿಯ ಕೆಳಗೆ ಎಂಜಲು ಮಾಡುವ ಗ್ರಂಥಿ. ಅದು ಹೆಚ್ಚು ಸುಟ್ಟರೆ ಮುಂದೆ ಬಾಯಿ ಒಣಗಿಯೇ ಇರುತ್ತದೆ, ನೀರಿಲ್ಲದೆ ರೊಟ್ಟಿ ಇಳಿಯುವುದಿಲ್ಲ. ಈಗಿನ ಮಷಿನ್‌ಗಳಲ್ಲಿ ಡೋಸ್ ಕೆಲವೇ ಮಿಲಿಮೀಟರ್‌ನಲ್ಲಿ ಕಡಿದಾಗಿ ಇಳಿಯುತ್ತದೆ. ಅದೇ ಅವುಗಳ ಗುಣ. ಮಲಗಿದ ಭಂಗಿ ತಪ್ಪಿದರೆ ಅದೇ ದೋಷವಾಗುತ್ತದೆ, ಬೇಕಾದ ಕಡೆ ಕಡಿಮೆ ಬಿದ್ದು ಬೇಡದ ಕಡೆ ಜಾಸ್ತಿ ಬೀಳುತ್ತದೆ. ಅಪ್ಪ ನೇಕಾರರು, ಅವರಿಗೆ ಹೀಗೆ ಹೇಳಿ ನೋಡಿ: ಖಣದಲ್ಲಿ ಒಂದು ಎಳೆ ತಪ್ಪಿದರೆ ಹೂವೇ ಸೊಟ್ಟಗಾಗುತ್ತದೆ ಅಲ್ವಾ? ಇಲ್ಲಿಯೂ ಒಂದು ಎಳೆಯದೇ ಪ್ರಶ್ನೆ. ನನ್ನ ಪ್ರಕಾರ ಅವರಿಗೆ ನಮಗಿಂತ ಬೇಗ ಅರ್ಥವಾಗುತ್ತದೆ.

"ನಾನೇ ಅಲುಗಾಡದೆ ಮಲಗತೀನಿ, ಜಾಳಿಗೆ ಬ್ಯಾಡ" ಅಂತ ಅನೇಕರು ಹೇಳುತ್ತಾರೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಎಂಜಲು ನುಂಗುತ್ತೇವೆ, ಕುತ್ತಿಗೆ ತಾನಾಗಿಯೇ ಸಡಿಲ ಬಿಡುತ್ತದೆ, ಗದ್ದ ಒಂದಿಷ್ಟು ಮೇಲೇಳುತ್ತದೆ. ಅದು ನಮಗೆ ತಿಳಿಯುವುದೇ ಇಲ್ಲ. ಅಲ್ಲದೆ ಇಂದು ಅಲುಗಾಡದೆ ಇದ್ದರಷ್ಟೇ ಸಾಲದು. ನಿನ್ನೆ ಹೇಗೆ ಮಲಗಿದ್ದರೋ ಇಂದೂ ಹಾಗೇ ಮಲಗಬೇಕು. ಮಾಸ್ಕಿನ ಮುಖ್ಯ ಕೆಲಸ ಅದು.

ಮಾಸ್ಕ್ ಮಾಡುವುದನ್ನು ನಾನು ಎಷ್ಟೋ ಸಲ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಶೀಟ್ ಗಟ್ಟಿ, ಬಿಳಿ, ಹಪ್ಪಳದ ಹಾಗೆ. 65ರಿಂದ 70 ಡಿಗ್ರಿ ಬಿಸಿನೀರಿನ ತಟ್ಟೆಗೆ ಹಾಕುತ್ತಾರೆ. ಕೆಲವು ನಿಮಿಷಕ್ಕೆ ಬಿಳಿ ಹೋಗಿ ಗಾಜಿನಂತೆ ತಿಳಿಯಾಗುತ್ತದೆ. ಅದೇ ಹದ. ತೆಗೆದು, ಟವೆಲ್ ಮೇಲೆ ನೀರು ಒತ್ತಿ, ಇಬ್ಬರು ಎರಡೂ ಕಡೆ ಹಿಡಿದು ಮುಖದ ಮೇಲೆ ಎಳೆದು ಕೂರಿಸುತ್ತಾರೆ. ಬಿಸಿ ಒದ್ದೆ ಬಟ್ಟೆ ಹಾಕಿದ ಹಾಗೆ ಅನಿಸುತ್ತದೆ. ಮೂಗಿನ ಗೆಣ್ಣು, ಹಣೆ, ಗದ್ದ ಮೂರೂ ಕಡೆ ಬೆರಳಿನಿಂದ ಒತ್ತಿ ಅಚ್ಚು ತೆಗೆಯುತ್ತಾರೆ. ಹತ್ತು ಹದಿನೈದು ನಿಮಿಷಕ್ಕೆ ಆರಿ ಮತ್ತೆ ಬಿಳಿಯಾಗುತ್ತದೆ.

ಆರುವಾಗ ಅದು ಸ್ವಲ್ಪ ಕುಗ್ಗುತ್ತದೆ. ಬೆಳಗಾವಿಯ ಫೌಂಡ್ರಿಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ಶುರು ಮಾಡಿದ್ದೇ ಅಲ್ಲಿ, ಪ್ಯಾಟರ್ನ್ ಅಂದರೆ ಎರಕದ ಅಚ್ಚಿಗೆ ಬೇಕಾದ ಮಾದರಿ ಮಾಡುವ ಕೆಲಸದಲ್ಲಿ. ಎರಕದ ಕಬ್ಬಿಣ ಆರುವಾಗ ಸುಮಾರು ನೂರಕ್ಕೆ ಒಂದು ಪಾಲು ಕುಗ್ಗುತ್ತದೆ. ಅದಕ್ಕೇ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿ ಮಾಡುತ್ತೇವೆ. ಮಾಸ್ಕಿನಲ್ಲಿ ಹಾಗೆ ಮೊದಲೇ ದೊಡ್ಡದು ಮಾಡಲು ಬರುವುದಿಲ್ಲ. ಹಾಗಾಗಿ ಮೊದಲ ಕೆಲವು ದಿನ ಬಿಗಿ ಅನಿಸುತ್ತದೆ. ಅಪ್ಪನಿಗೆ ಆಗ ಆಗಿದ್ದ ಬಿಗಿ ಅದೇ ಇರಬೇಕು. ಈಗ ಅವರು ಕರಗಿದ್ದಾರೆ, ಮಾಸ್ಕ್ ಹಾಗೇ ಇದೆ.

ಸಡಿಲ ಮಾಸ್ಕ್ ಆರಾಮ ಅನಿಸುವುದು ನಿಜ. ಆ ಆರಾಮವೇ ತೊಂದರೆ. ಕೆನ್ನೆಗೂ ಜಾಳಿಗೆಗೂ ನಡುವೆ ಜಾಗ ಬಂದರೆ ತಲೆ ಒಳಗೇ ಎಡಕ್ಕೋ ಬಲಕ್ಕೋ ತಿರುಗುತ್ತದೆ. ಹೊರಗಿನ ಗುರುತು ಮಾಸ್ಕಿನ ಮೇಲಿರುವುದರಿಂದ ಲೇಸರ್ ಸರಿಯಾಗೇ ಕೂತಿರುತ್ತದೆ. ಒಳಗಿನ ಮನುಷ್ಯ ಮಾತ್ರ ಬೇರೆ ಕಡೆ. ಮಷಿನ್ ಮೇಲೇ ದಿನಾ ಅಥವಾ ವಾರಕ್ಕೊಮ್ಮೆ ತೆಗೆಯುವ ಚಿತ್ರದಲ್ಲಿ ಇದು ಗೊತ್ತಾಗುತ್ತದೆ. ಟೇಬಲ್ ಜರುಗಿಸಿ ಒಂದು ಮಟ್ಟಕ್ಕೆ ಸರಿಪಡಿಸಲೂಬಹುದು. ಕುತ್ತಿಗೆ ಬಾಗಿದ್ದನ್ನು, ಗದ್ದ ಇಳಿದಿದ್ದನ್ನು ಟೇಬಲ್ ಸರಿ ಮಾಡಲಾರದು.

ಇನ್ನೊಂದು ಮಾತಿದೆ, ಇದನ್ನು ಮನೆಯವರಿಗೆ ಯಾರೂ ಸಾಮಾನ್ಯವಾಗಿ ಬಿಡಿಸಿ ಹೇಳುವುದಿಲ್ಲ. ತೂಕ ಇಳಿದಾಗ ಒಳಗಿನ ಅಂಗಗಳೂ ಜಾಗ ಬದಲಿಸುತ್ತವೆ. ಆ ಎಂಜಲು ಗ್ರಂಥಿ ಕುಗ್ಗಿ ಒಳಗಡೆಗೆ, ಅಂದರೆ ಜಾಸ್ತಿ ಡೋಸ್ ಇರುವ ಕಡೆಗೇ ಸರಿಯುತ್ತದೆ. ಮಾಸ್ಕ್ ಸರಿ ಕೂತರೂ ಲೆಕ್ಕ ಹಳೆಯದಾಗಿರುತ್ತದೆ. ಅದಕ್ಕೇ ಅವರು ಮಾಸ್ಕ್ ಜೊತೆ ಸಿಟಿಯನ್ನೂ ಕೇಳುತ್ತಿದ್ದಾರೆ. ಶೇ 10ರ ಆಸುಪಾಸು ತೂಕ ಇಳಿದರೆ ಅನೇಕ ಕಡೆ ಹೀಗೆ ಮರುಪರಿಶೀಲನೆ ಮಾಡುತ್ತಾರೆ. ನಿಮ್ಮ ಅಪ್ಪ ಆ ಗೆರೆ ದಾಟಿದ್ದಾರೆ.

ಪಕ್ಕದ ರೂಮಿನವರ ಮಾಸ್ಕ್ ಬೇಡವೇ ಬೇಡ. ಬಿಸಿ ಮಾಡಿದರೆ ಅದು ಮತ್ತೆ ಮೆತ್ತಗಾಗುತ್ತದೆ ನಿಜ, ಅದಕ್ಕೇ ಈ ಮಾತು ಹುಟ್ಟಿದೆ. ಆದರೆ ಒಮ್ಮೆ ಎಳೆದ ಶೀಟಿನಲ್ಲಿ ತೂತು ಹಿಗ್ಗಿ, ಕೆಲವು ಕಡೆ ತೆಳ್ಳಗಾಗಿರುತ್ತದೆ. ಎರಡನೇ ಸಲ ಎಳೆದರೆ ಅಲ್ಲೇ ಬಲ ಹೋಗುತ್ತದೆ. ಹಾಕಿದಾಗ ಚೆನ್ನಾಗೇ ಕಾಣುತ್ತದೆ, ಒತ್ತಿದರೆ ಬಾಗುತ್ತದೆ. ಬೆವರು, ಎಂಜಲು, ಹುಣ್ಣಿನ ಕಲೆ ಬೇರೆ.

ಹಾಗಾದರೆ ದಾರಿ ಏನೇನಿದೆ? ಸಂದಿಗೆ ಹತ್ತಿ, ಬಟ್ಟೆ ತುಂಬುವುದು ಒಂದು. ಅದನ್ನು ಯಾರಾದರೂ ಮಾಡುತ್ತಿದ್ದರೆ ತಕ್ಷಣ ಫಿಸಿಸಿಸ್ಟ್‌ಗೆ, ಅಂದರೆ ಆಸ್ಪತ್ರೆಯಲ್ಲಿ ಡೋಸಿನ ಲೆಕ್ಕ ನೋಡುವವರಿಗೆ ಹೇಳಿ. ದಿನಾ ಒಂದೇ ದಪ್ಪದಲ್ಲಿ ತುಂಬಲು ಯಾರಿಂದಲೂ ಆಗುವುದಿಲ್ಲ, ಜೊತೆಗೆ ಚರ್ಮಕ್ಕೆ ತಾಗುವಂತೆ ಏನಿಟ್ಟರೂ ಚರ್ಮಕ್ಕೆ ಬೀಳುವ ಡೋಸ್ ಏರುತ್ತದೆ. ಶಿಮ್ ಬದಲಿಸುವುದು ಎರಡನೆಯದು. ಕ್ಲಿಪ್‌ಗೂ ಬೇಸ್ ಪ್ಲೇಟ್‌ಗೂ ನಡುವೆ ಇಡುವ ತೆಳುವಾದ ಬಿಲ್ಲೆ ಅದು, ನಾವೂ ಮಾಡುತ್ತೇವೆ. ಒಂದೆರಡು ಮಿಲಿಮೀಟರ್ ಬಿಗಿ ಸಡಿಲಕ್ಕೆ ಒಳ್ಳೆಯದು. ಮೊದಲ ದಿನ ಬಿಲ್ಲೆ ಇಟ್ಟು ಮಾಸ್ಕ್ ಮಾಡಿದ್ದರೆ ಈಗ ತೆಗೆದು ಬಿಗಿ ಮಾಡಬಹುದು. 6 ಕಿಲೋ ಇಳಿದ ಮುಖಕ್ಕೆ ಅದು ಸಾಲುವುದಿಲ್ಲ. ನಾನೇ ಮಾಡುವ ವಸ್ತು ಆದರೂ ಇಲ್ಲಿ ಬೇಡ ಅನ್ನುತ್ತೇನೆ. ಹೊಸ ಮಾಸ್ಕ್ ಮಾಡಿ ಹಳೆಯ ಲೆಕ್ಕದಲ್ಲೇ ಮುಂದುವರಿಸುವುದು ಮೂರನೆಯದು. ಖರ್ಚು ಕಡಿಮೆ, ಆದರೆ ಗದ್ದದ ಕೋನ ಹಳೆಯ ಹಾಗೆಯೇ ಬಂದಿದೆಯಾ ಅಂತ ಚಿತ್ರ ತೆಗೆದು ನೋಡಲೇಬೇಕು, ಒಳಗಿನ ಬದಲಾವಣೆಗೆ ಉತ್ತರವೂ ಅಲ್ಲ. ಕೊನೆಯದು ನಿಮಗೆ ಹೇಳಿರುವುದೇ: ಹೊಸ ಮಾಸ್ಕ್, ಹೊಸ ಸಿಟಿ, ಹೊಸ ಲೆಕ್ಕ. ಖರ್ಚಿದೆ, ಕೆಲವು ದಿನ ಹಿಡಿಯುತ್ತದೆ. ಎರಡು ಮೂರು ಸಿಟ್ಟಿಂಗ್ ಮಾತ್ರ ಉಳಿದಿದ್ದರೆ ಡಾಕ್ಟರು ಬೇರೆ ನಿರ್ಧಾರ ಮಾಡುತ್ತಿದ್ದರೇನೋ. 13 ಉಳಿದಿವೆ. ಹತ್ತಿರ ಹತ್ತಿರ ಅರ್ಧ ಚಿಕಿತ್ಸೆ ಅದು.

ಖರ್ಚಿನ ಬಗ್ಗೆ ಕೇಳಲು ಸಂಕೋಚ ಬೇಡ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನ ಮೇಲೆ ಚಿಕಿತ್ಸೆ ನಡೆದಿದ್ದರೆ, ಮರು ಪ್ಲಾನಿಂಗ್ ಅದರಲ್ಲೇ ಬರುತ್ತದಾ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲೇ ಕೇಳಿ. ಜೊತೆಗೆ, ತೂಕ ಇನ್ನೂ ಇಳಿದರೆ ಹೊಸ ಮಾಸ್ಕೂ ಸಡಿಲಾಗುತ್ತದೆ. ರೊಟ್ಟಿ, ಖಾರದ ಚಟ್ನಿ ಈಗ ಬಾಯಿಗೆ ಬೆಂಕಿ. ಗಂಜಿ, ಖಾರ ಹಾಕದ ಹೆಸರುಬೇಳೆ ಕಿಚಡಿ, ಹಾಲು, ಮೊಟ್ಟೆ, ಏನು ಎಷ್ಟು ಅಂತ ಡಯೆಟಿಶಿಯನ್ ಹತ್ತಿರ ಬರೆಸಿಕೊಳ್ಳಿ. ಮೂಗಿನಿಂದ ನಳಿಕೆ ಹಾಕೋಣ ಅಂದರೆ ಹೆದರಬೇಡಿ. ಆ ನಳಿಕೆಯಿಂದ ತೂಕ ನಿಂತು, ಕೊನೆಯವರೆಗೂ ಒಂದೇ ಮಾಸ್ಕಿನಲ್ಲಿ ಮುಗಿಸಿದವರನ್ನು ಕಂಡಿದ್ದೇನೆ.

ಜಾತ್ರೆ. ಗುಳೇದಗುಡ್ಡದ ನೇಕಾರರ ಮನೆಗೆ ಬನಶಂಕರಿ ಅಂದರೆ ಏನು ಅಂತ ನನಗೆ ಗೊತ್ತು, ಹಾಗಾಗಿ ಸುಮ್ನೆ ಬೇಡ ಅನ್ನಲಾರೆ. ಆದರೆ ಒಂದು ವಾರ ಬಿಡಬೇಡಿ. ತಲೆ ಕುತ್ತಿಗೆಯ ಕ್ಯಾನ್ಸರ್‌ನಲ್ಲಿ ಚಿಕಿತ್ಸೆ ಉದ್ದವಾದಷ್ಟೂ ಉಳಿದ ಕ್ಯಾನ್ಸರ್ ಕೋಶಗಳು ಬೇಗ ಬೇಗ ಬೆಳೆಯುತ್ತವೆ. ಒಂದು ದಿನ ತಡವಾದರೆ ರೋಗದ ಮೇಲಿನ ಹಿಡಿತ ಸುಮಾರು ಶೇ 1ರಷ್ಟು ಕಡಿಮೆಯಾಗುತ್ತದೆ ಅಂತ ಡಾಕ್ಟರುಗಳ ಅಂದಾಜು. ಹೊಸ ಲೆಕ್ಕ ತಯಾರಾಗುವವರೆಗೆ ಚಿತ್ರ ನೋಡಿಕೊಂಡು ಹಳೆಯದರಲ್ಲೇ ಮುಂದುವರಿಸುತ್ತೀರಾ ಅಂತ ಕೇಳಿ. ಒಂದೆರಡು ದಿನ ತಪ್ಪಿದರೆ ಶನಿವಾರ ಕೊಟ್ಟು, ಇಲ್ಲವೇ ಒಂದೇ ದಿನ ಕನಿಷ್ಠ 6 ತಾಸು ಬಿಟ್ಟು ಎರಡು ಸಲ ಕೊಟ್ಟು ತುಂಬಿಕೊಳ್ಳುವ ಪದ್ಧತಿಯೂ ಇದೆ. ತೇರಿನ ದಿನ ಶನಿವಾರ, ಭಾನುವಾರ ಬಂದರೆ, ಡಾಕ್ಟರು ಒಪ್ಪಿದರೆ, ದೂರದಿಂದ ಕಳಸ ನೋಡಿ ಬರಬಹುದು. ನೂಕುನುಗ್ಗಲು, ಧೂಳು ಬೇಡ. ತೇರು ಎಳೆದ ಮೇಲೂ ಜಾತ್ರೆ ವಾರಗಟ್ಟಲೆ ಇರುತ್ತದೆ ಅಲ್ವಾ? ಒಂದು ಮಾತು ನೆನಪಿಡಿ: ಕೊನೆಯ ಸಿಟ್ಟಿಂಗ್ ಆದ ಮೇಲೂ ಒಂದೆರಡು ವಾರ ಬಾಯಿ ಹುಣ್ಣು ಜೋರಾಗಿಯೇ ಇರುತ್ತದೆ.

ಈಗ ಅಪ್ಪನ ಉಸಿರಿನ ಮಾತು. ಮಾಸ್ಕಿನ ತುಂಬ ತೂತುಗಳಿವೆ, ಗಾಳಿ ಎಲ್ಲೂ ಕಟ್ಟುವುದಿಲ್ಲ. ಇದನ್ನು ಅವರಿಗೆ ನೂರು ಸಲ ಹೇಳಿರುತ್ತೀರಿ. ಹೇಳಿದರೆ ಹೋಗುವ ಭಯ ಅಲ್ಲ ಅದು. ಮುಖಕ್ಕೆ ಏನೋ ಹಾಕಿ, ಕ್ಲಿಪ್ ಟಕ್ ಟಕ್ ಅಂತ ಬಿಗಿದು, ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಿದರೆ ಯಾರಿಗಾದರೂ ಎದೆ ಹೊಡೆದುಕೊಳ್ಳುತ್ತದೆ. ನಾನು ಮಾಡುವ ಪ್ರತಿ ಬೇಸ್ ಪ್ಲೇಟ್ ಮೇಲೆ ಒಮ್ಮೆ ನಾನೇ ಮಲಗಿ ನೋಡುತ್ತೇನೆ. ಮೊದಲ ಸಲ ಮಾಸ್ಕ್ ಹಾಕಿಸಿಕೊಂಡಾಗ ಮೂರನೇ ನಿಮಿಷಕ್ಕೆ ಕೈ ಎತ್ತಿದ್ದೆ. ಹಾಗಾಗಿ ಅಪ್ಪನನ್ನು ಹಟಮಾರಿ ಅನ್ನಬೇಡಿ.

ನಮ್ಮ ಕಡೆ ರೇಡಿಯೇಶನ್‌ಗೆ "ಕರೆಂಟ್ ಕೊಡೋದು" ಅಂತಾರೆ, ಆ ಹೆಸರೇ ಅರ್ಧ ಹೆದರಿಸುತ್ತದೆ. ಮಾಸ್ಕಿನಲ್ಲಿ ಕರೆಂಟ್ ಇಲ್ಲ, ಔಷಧಿಯೂ ಇಲ್ಲ, ಅದು ಬರೀ ಅಚ್ಚು ಅಂತ ಹೇಳಿ. ಹೊರಗೆ ಕೂತವರು ಕ್ಯಾಮೆರಾದಲ್ಲಿ ನೋಡುತ್ತಲೇ ಇರುತ್ತಾರೆ. ಕೈ ಎತ್ತಿದರೆ ಕಿರಣ ನಿಲ್ಲಿಸಿ ಒಳಗೆ ಬರುತ್ತಾರೆ. ಕ್ಲಿಪ್ ಬಿಚ್ಚಲು ಕೆಲವೇ ಸೆಕೆಂಡು ಸಾಕು. ಆ ಕೈಸನ್ನೆಯನ್ನು ಒಂದು ಸಲ ನಿಜವಾಗಿ ಮಾಡಿಸಿ ತೋರಿಸಿ ಅಂತ ಟೆಕ್ನಿಷಿಯನ್‌ಗೆ ಕೇಳಿ. ಎತ್ತಿದ ಕೈಗೆ ಬಾಗಿಲು ತೆರೆಯಿತು ಅಂತ ಒಮ್ಮೆ ಕಂಡರೆ ಬಹಳ ಜನರ ಭಯ ಇಳಿಯುತ್ತದೆ. ಒಳಗೆ ಹೋಗುವ ಮೊದಲು ಕಫ ಉಗಿದು ಗಂಟಲು ಸ್ವಚ್ಛ ಮಾಡಿಕೊಳ್ಳಲಿ. ಅನೇಕರಿಗೆ ಉಸಿರು ಕಟ್ಟಿದಂತೆ ಆಗುವುದು ಅಂಗಾತ ಮಲಗಿದಾಗ ಗಂಟಲಲ್ಲಿ ನಿಲ್ಲುವ ಅಂಟು ಕಫದಿಂದ. ಕಣ್ಣಿನ ಜಾಗ ಕತ್ತರಿಸಿ ತೆರೆದುಕೊಡಬಹುದು. ಆದರೆ ಎಷ್ಟು ಕತ್ತರಿಸಿದರೆ ಬಿಗಿ ಉಳಿಯುತ್ತದೆ ಅಂತ ಫಿಸಿಸಿಸ್ಟ್ ನೋಡಬೇಕು. ಮುಖ ಪೂರ್ತಿ ತೆರೆದ ಮಾಸ್ಕ್‌ಗಳೂ ಇವೆ. ಅವು ಹೆಚ್ಚಾಗಿ ಚರ್ಮವನ್ನೇ ಕ್ಯಾಮೆರಾದಿಂದ ಗಮನಿಸುವ ವ್ಯವಸ್ಥೆ ಇರುವ ಕಡೆ. ಭಯ ತಗ್ಗಿಸುವ ಮಾತ್ರೆ ಬೇಕಿದ್ದರೆ ಡಾಕ್ಟರೇ ಕೊಡಲಿ, ಅಂಗಡಿಯಿಂದ ತಂದು ನುಂಗಿಸಬೇಡಿ. ನಿದ್ದೆ ಜಾಸ್ತಿಯಾದರೆ ಕಫ ಉಗಿಯುವುದೂ ಕಷ್ಟ.

ನಿಮ್ಮ ತಮ್ಮನ ದಿಂಬಿನ ವಿಚಾರ ಕೊನೆಗೆ ಇಟ್ಟಿದ್ದೇನೆ, ಯಾಕಂದ್ರೆ ಅವನು ಕೈ ಹಾಕಿರುವುದು ನನ್ನ ಕೆಲಸಕ್ಕೇ. ಅವನು ಗಮನಿಸಿದ್ದು ಸರಿ. ಎಲ್ಲರೂ ಮೇಲಿನ ಮಾಸ್ಕ್ ನೋಡುತ್ತಾರೆ, ಕೆಳಗಿನ ದಿಂಬನ್ನು ಯಾರೂ ನೋಡುವುದಿಲ್ಲ. ಕುತ್ತಿಗೆಯ ಕೋನ ನಿಲ್ಲುವುದೇ ಅದರ ಮೇಲೆ. ಅದು ಎ, ಬಿ, ಸಿ ಅಂತ ಐದಾರು ಅಳತೆಯಲ್ಲಿ ಬರುತ್ತದೆ, ಅಪ್ಪನದು ಯಾವ ಅಕ್ಷರ ಅಂತ ಫೈಲಿನಲ್ಲಿ ಬರೆದಿರುತ್ತದೆ. ಸಿ ಬದಲು ಬಿ ಬಂದರೆ ಗದ್ದವೇ ಬೇರೆ ಕಡೆ ನಿಲ್ಲುತ್ತದೆ. ಹಾಗಾಗಿ ಈಗ ಅದರ ಮೇಲೆ ಏನನ್ನೂ ಹಾಸಬೇಡಿ. ಮೆತ್ತಗಿನದು ಮೊದಲೇ ಬೇಡ. ಗಾದಿಯ ಹಾಗೆ ಅದು ವಾರ ಕಳೆದಂತೆ ತಗ್ಗುತ್ತದೆ. ಆದರೆ ಇಲ್ಲೊಂದು ಅವಕಾಶ ಇದೆ. ಹೊಸ ಮಾಸ್ಕ್ ಮಾಡುವ ದಿನ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಮಾಸ್ಕ್ ಹಾಕುವ ಮೊದಲೇ ಅಪ್ಪ ಮಲಗಿ ನೋಡಲಿ. ಕುತ್ತಿಗೆ ಎಲ್ಲಿ ಒತ್ತುತ್ತದೆ ಅಂತ ಬಾಯಿಬಿಟ್ಟು ಹೇಳಲಿ, ಬೇರೆ ಅಳತೆ ಕೇಳಲಿ. ಶೀಟ್ ಆರಿದ ಮೇಲೆ ಹೇಳಿದರೆ ಏನೂ ಮಾಡಲು ಆಗುವುದಿಲ್ಲ. ದಾಡಿ ಹಿಂದಿನ ದಿನವೇ ಬೋಳಿಸಿರಲಿ, ಮುಂದೆಯೂ ಹಾಗೇ ಇರಲಿ.

ನನ್ನ ಮೊದಲ ತಲೆದಿಂಬನ್ನು ನಾನೂ ನಿಮ್ಮ ತಮ್ಮನ ಹಾಗೇ ಉತ್ಸಾಹದಿಂದ ಮಾಡಿದ್ದೆ. ಗಟ್ಟಿಯಾಗಿ ಕೂರಲಿ ಅಂತ ಒಳಗೆ ಒಂದು ಸಣ್ಣ ಹಿತ್ತಾಳೆ ತುಂಡು ಹಾಕಿದ್ದೆ. ಫಿಸಿಸಿಸ್ಟ್ ಒಬ್ಬರು ಏನೂ ಮಾತಾಡದೆ ಅದನ್ನು ಸಿಟಿಯಲ್ಲಿಟ್ಟು ಚಿತ್ರ ತೋರಿಸಿದರು. ಹೆಬ್ಬೆರಳ ಉಗುರಿನಷ್ಟು ಲೋಹದಿಂದ ಬಿಳಿ ಗೆರೆಗಳು ನಕ್ಷತ್ರದ ಹಾಗೆ ಹರಡಿ, ಕುತ್ತಿಗೆ ಇರಬೇಕಾದ ಜಾಗವೆಲ್ಲ ಅಳಿಸಿಹೋಗಿತ್ತು. ಅಂದಿನಿಂದ ಕಿರಣ ಹಾಯುವ ಜಾಗದಲ್ಲಿ ಲೋಹ ಇಲ್ಲ. ಫೋಮಿನ ಎರಡೂ ಬದಿಗೆ ಕಾರ್ಬನ್ ಫೈಬರ್. ಹಗುರ, ಬಾಗುವುದಿಲ್ಲ, ಕಿರಣವನ್ನು ಬಹಳ ಕಡಿಮೆ ತಡೆಯುತ್ತದೆ.

ತಮ್ಮನಿಗೆ ನಿಜವಾಗಿ ಆಸೆ ಇದ್ದರೆ ಅಪ್ಪನ ಚಿಕಿತ್ಸೆ ಮುಗಿದ ಮೇಲೆ ಕಳಿಸಿ. 2017ರ ವೈದ್ಯಕೀಯ ಸಾಧನಗಳ ನಿಯಮಗಳನ್ನು ಮೊದಲು ಓದಲಿ. 2020ರ ಏಪ್ರಿಲ್ 1ರಿಂದ ಇಂಥ ಎಲ್ಲ ಸಾಧನಗಳೂ ಕಾನೂನಿನ ಕೆಳಗೆ ಬಂದಿವೆ. ಶೆಡ್ಡಿನಲ್ಲಿ ಮಾಡಿ ಆಸ್ಪತ್ರೆಗೆ ಕೊಡುವ ಕಾಲ ಹೋಯಿತು. ಹೊಸ ಐಡಿಯಾ ಇದ್ದರೆ ಯಾರಿಗೂ ತೋರಿಸುವ ಮೊದಲೇ ಪೇಟೆಂಟ್ ಅರ್ಜಿ ಹಾಕಲಿ, ತೋರಿಸಿದ ಮೇಲೆ ಹೊಸತನ ಹೋಗುತ್ತದೆ. ನಮ್ಮ ರಾಜ್ಯಕ್ಕೆ ಚೆನ್ನೈ ಕಚೇರಿ. ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಹಾಕಿದರೆ ಅರ್ಜಿ ಶುಲ್ಕ 1,600 ರೂಪಾಯಿ. ಚಿಕಿತ್ಸೆಯ ವಿಧಾನಕ್ಕೆ ಪೇಟೆಂಟ್ ಸಿಗುವುದಿಲ್ಲ, ಸಾಧನಕ್ಕೆ ಸಿಗುತ್ತದೆ.

ಬರುವಾಗ ಅಪ್ಪನ ದಿಂಬು ಯಾವ ಅಕ್ಷರದ್ದು, ಕುತ್ತಿಗೆಯ ಯಾವ ಜಾಗದಲ್ಲಿ, ಎಷ್ಟನೇ ನಿಮಿಷಕ್ಕೆ ಒತ್ತಲು ಶುರುವಾಗುತ್ತಿತ್ತು ಅಂತ ಅವರನ್ನೇ ಕೇಳಿ ಬರೆದುಕೊಂಡು ಬರಲಿ. ಮುಂದಿನ ದಿಂಬಿಗೆ ನನಗೂ ಅದು ಬೇಕು.